ಫೋಟೋ ಮಸುಕಾದರೆ ತಪ್ಪು ಲೆನ್ಸಿನದೇ?

ಓದುಗರ ಪ್ರಶ್ನೆ: ನಾನು ಕೆ.ಆರ್. ಪೇಟೆ ಕಡೆಯ ಹೈಸ್ಕೂಲ್ ಮೇಷ್ಟ್ರು, ವಯಸ್ಸು 51. ಮೂರು ವರ್ಷದಿಂದ ಹಕ್ಕಿ ಫೋಟೋ ತೆಗೆಯುವ ಹುಚ್ಚು ಹಿಡಿದಿದೆ. 24 ಮೆಗಾಪಿಕ್ಸೆಲ್‌ನ ಸಾಧಾರಣ ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ, 70-300 ಎಂಎಂ ಲೆನ್ಸ್ ಇದೆ. ನಮ್ಮದೊಂದು ವಾಟ್ಸಾಪ್ ಗುಂಪಿದೆ, ನಲವತ್ತು ಜನ. ಭಾನುವಾರ ಬಂತೆಂದರೆ ಎಲ್ಲರೂ ಫೋಟೋ ಹಾಕುತ್ತೇವೆ, ಒಬ್ಬರಿಗೊಬ್ಬರು ಸಲಹೆ ಕೊಡುತ್ತೇವೆ. ಜನವರಿಯಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ರಂಗನತಿಟ್ಟಿಗೆ ಹೋಗಿ ಸುಮಾರು 600 ಫೋಟೋ ತೆಗೆದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನೋಡಿದರೆ ಚೆನ್ನಾಗಿವೆ. ಕಂಪ್ಯೂಟರಿಗೆ ಹಾಕಿದರೆ ಎಲ್ಲವೂ ಮಸುಕು. ಗುಂಪಿನಲ್ಲಿ ಕೇಳಿದೆ. ಐಎಸ್‌ಒ (ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸಬೇಕು ಎಂಬ ಅಂಕಿ) 400 ದಾಟಿಸಲೇಬೇಡಿ ಅಂತ ಒಬ್ಬರು. ಪೂರ್ತಿ ಮ್ಯಾನ್ಯುಯಲ್‌ನಲ್ಲಿ, ಅಂದರೆ ಎಲ್ಲ ಸೆಟ್ಟಿಂಗೂ ಕೈಯಿಂದಲೇ ಇಟ್ಟು ತೆಗೆಯದವರು ಫೋಟೋಗ್ರಾಫರೇ ಅಲ್ಲ ಅಂತ ಇನ್ನೊಬ್ಬರು. ಲೆನ್ಸ್ ಕೆಟ್ಟಿದೆ, ಸರ್ವಿಸ್‌ಗೆ ಕೊಡಿ ಅಂದರು ಮತ್ತೊಬ್ಬರು. ಜಾಸ್ತಿ ಜನ ಹೇಳಿದ್ದು, ದೂರದ್ದನ್ನು ಇನ್ನೂ ಹತ್ತಿರ ತೋರಿಸುವ 150-600 ಎಂಎಂ ಲೆನ್ಸ್ ತಗೊಳ್ಳಿ ಸರ್ ಅಂತ. ಅದಕ್ಕೆ ಸುಮಾರು ಒಂದು ಲಕ್ಷ ಬೇಕು. ಮನೆಯವಳು, ಮೊದಲು ತಾರಸಿ ಸೋರೋದು ನಿಲ್ಲಿಸಿ ಅನ್ನುತ್ತಿದ್ದಾಳೆ. ಮೂರು ಫೋಟೋಗಳ ಮೂಲ ಫೈಲ್ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ನೀವು ಮೂಲ ಫೈಲ್‌ಗಳನ್ನೇ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಇಂಥ ಪ್ರಶ್ನೆ ಕೇಳುವ ಹತ್ತು ಜನರಲ್ಲಿ ಒಂಬತ್ತು ಜನ ವಾಟ್ಸಾಪ್‌ನಿಂದ ಇಳಿಸಿಕೊಂಡ, ಆಗಲೇ ಹಿಂಡಿ ಹಿಪ್ಪೆಯಾದ ಚಿತ್ರ ಕಳಿಸುತ್ತಾರೆ. ಅದನ್ನು ನೋಡಿ ಏನೂ ಹೇಳಲು ಬರುವುದಿಲ್ಲ.

ನಿಮಗಿರುವುದು ಒಂದೇ ಪ್ರಶ್ನೆ. ತಪ್ಪು ನನ್ನ ಕೈಯದಾ, ಲೆನ್ಸಿನದಾ? ಲೆನ್ಸಿನದಾದರೆ ಒಂದು ಲಕ್ಷ ಹಾಕಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ನಾನು ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಫೋಟೋ ತೆಗೆಯುವುದನ್ನು ಹೇಳಿಕೊಡುತ್ತಿದ್ದೇನೆ. ಈ ಪ್ರಶ್ನೆ ಹೊತ್ತು ಬಂದವರನ್ನು ಲೆಕ್ಕ ಇಟ್ಟಿಲ್ಲ. ಲೆನ್ಸ್ ನಿಜವಾಗಿ ಕೆಟ್ಟಿದ್ದವರು ಕೈಬೆರಳಲ್ಲಿ ಎಣಿಸುವಷ್ಟು.

ನಿಮ್ಮ ಮೂರು ಫೋಟೋಗಳೂ ಮಸುಕು, ನಿಜ. ಆದರೆ ಮೂರೂ ಬೇರೆ ಬೇರೆ ಕಾರಣಕ್ಕೆ ಮಸುಕಾಗಿವೆ. ಜ್ವರ ಅಂದರೆ ಒಂದೇ ಕಾಯಿಲೆ ಅಲ್ಲವಲ್ಲ, ಹಾಗೆ. ನಿಮ್ಮ ಗುಂಪಿನಲ್ಲಿ ಪ್ರತಿಯೊಬ್ಬರೂ ತಮಗೆ ಬಂದಿದ್ದ ಜ್ವರಕ್ಕೆ ಕೆಲಸ ಮಾಡಿದ ಮಾತ್ರೆಯನ್ನು ನಿಮಗೂ ಕೊಟ್ಟಿದ್ದಾರೆ. ಯಾರೂ ಸುಳ್ಳು ಹೇಳಿಲ್ಲ. ಯಾರೂ ಫೋಟೋವನ್ನು ನೋಡಿಯೂ ಇಲ್ಲ.

ಮೊದಲನೆಯದು, ಗೂಡಿಗೆ ಇಳಿಯುತ್ತಿರುವ ಬಣ್ಣದ ಕೊಕ್ಕರೆ. ಜನವರಿ, ಬೆಳಿಗ್ಗೆ, ಮೋಡ ಅಂತ ಬರೆದಿದ್ದೀರಿ. ಫೈಲಿನ ಒಳಗಿರುವ ಮಾಹಿತಿ ನೋಡಿದೆ: ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) 1/250 ಸೆಕೆಂಡ್, ಎಫ್ (ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಎಂಬ ಅಂಕಿ, ಚಿಕ್ಕದಾದಷ್ಟೂ ಬಾಯಿ ದೊಡ್ಡದು) 6.3, ಐಎಸ್‌ಒ 400. ಈಗ ಕೊಕ್ಕರೆಯನ್ನು ಬಿಟ್ಟು ಅದು ಇಳಿಯುತ್ತಿರುವ ಮರ ನೋಡಿ. ಎಲೆಗಳು, ಗೂಡಿನ ಕಡ್ಡಿಗಳು ಚೆನ್ನಾಗಿಯೇ ಬಂದಿವೆ. ಹಕ್ಕಿ ಮಾತ್ರ ಕದಡಿದೆ. ಅಂದರೆ ನಿಮ್ಮ ಕೈ ನಡುಗಿಲ್ಲ, ಲೆನ್ಸೂ ಸರಿಯಾಗಿದೆ. ಹಕ್ಕಿ ಓಡಿದೆ, ಶಟರ್ ಅದನ್ನು ಹಿಡಿದಿಲ್ಲ. ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಹೋಗುವ ಹಕ್ಕಿ ಅಂದುಕೊಳ್ಳಿ. 1/250 ಸೆಕೆಂಡಿನಲ್ಲಿ ಅದು 4 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 1/2000 ಇಟ್ಟಿದ್ದರೆ ಬರೀ 5 ಮಿಲಿಮೀಟರ್. ರೆಕ್ಕೆಯ ತುದಿಯ ವೇಗ ಇನ್ನೂ ಜಾಸ್ತಿ. ನಿಮ್ಮ ಲೆನ್ಸಿನಲ್ಲಿ ಅಲುಗಾಟ ತಡೆಯುವ ಸ್ವಿಚ್ ಇದೆ, ನಿಕಾನ್‌ನವರು ಅದನ್ನು ವಿಆರ್ ಅನ್ನುತ್ತಾರೆ, ಕ್ಯಾನನ್‌ನವರು ಐಎಸ್ ಅನ್ನುತ್ತಾರೆ. ಅದು ನಿಮ್ಮ ಕೈಯನ್ನು ಸುಧಾರಿಸುತ್ತದೆ, ಹಕ್ಕಿಯನ್ನಲ್ಲ. ಇದನ್ನು ಮರೆತು ಮೋಸ ಹೋಗುವವರು ಬಹಳ.

ಹಾಗಾದರೆ 1/2000 ಯಾಕೆ ಇಡಲಿಲ್ಲ? ಐಎಸ್‌ಒ 400 ದಾಟಬಾರದು ಎಂಬ ಮಾತಿದೆಯಲ್ಲ, ಅದಕ್ಕೆ. ಆ ಮಾತು ಎಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ, ಯಾಕೆಂದರೆ ನಿಮ್ಮ 600 ಫೋಟೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಟ್ಟಿರುವುದು ಇದರಿಂದಲೇ ಅಂತ ನನ್ನ ಅನುಮಾನ.

ಅದು ಫಿಲ್ಮ್ ರೋಲಿನ ಕಾಲದ ಮಾತು. ಆಗ ಐಎಸ್‌ಒ ಎನ್ನುವುದು ರೋಲಿನ ಗುಣ. ಒಂದು ಸಲ ಹಾಕಿದರೆ 36 ಚಿತ್ರ ಮುಗಿಯುವ ತನಕ ಅದೇ. 400ರ ಮೇಲಿನ ರೋಲ್‌ಗಳಲ್ಲಿ ಕಾಳು ಕಾಳಾಗಿ ಕಾಣುತ್ತಿತ್ತು. ನಮ್ಮ ನಾಡಿನ ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥವರು ಕಾಡುಪ್ರಾಣಿ, ಹಕ್ಕಿಗಳ ಚಿತ್ರ ತೆಗೆದು ಹೆಸರಾದದ್ದು ಆ ಫಿಲ್ಮ್‌ನಲ್ಲೇ. ಅವರ ತಾಳ್ಮೆಯನ್ನು ನಾವು ಕಲಿಯಬೇಕು. ಅವರ ಕಾಲದ ರೋಲಿನ ಮಿತಿಯನ್ನು ನಾವು ಹೊತ್ತು ತಿರುಗಬೇಕಾಗಿಲ್ಲ.

ಇನ್ನೊಂದು ವಿಷಯ. ಐಎಸ್‌ಒ ಏರಿಸಿದ್ದರಿಂದ ಕಾಳು ಹುಟ್ಟುತ್ತದೆ ಅಂತ ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ಮಳೆಯಲ್ಲಿ ಅಂಗಳದ ತುಂಬ ಲೋಟ ಜೋಡಿಸಿಟ್ಟಿದ್ದೀರಿ ಅನ್ನಿ. ಜೋರು ಮಳೆ ಬಂದರೆ ಎಲ್ಲ ಲೋಟದಲ್ಲೂ ಹೆಚ್ಚುಕಮ್ಮಿ ಒಂದೇ ಮಟ್ಟದ ನೀರು. ನಾಲ್ಕು ಹನಿ ಉದುರಿ ನಿಂತರೆ ಒಂದರಲ್ಲಿ ಎರಡು ಹನಿ, ಪಕ್ಕದ್ದರಲ್ಲಿ ಒಂದೂ ಇಲ್ಲ. ಈಗ ಫಿಲ್ಮಿನ ಜಾಗದಲ್ಲಿರುವ ಸೆನ್ಸರ್ ಮೇಲೆ ಬೆಳಕು ಬೀಳುವುದೂ ಹಾಗೇ. ಕಾಳಿಗೆ ಮುಖ್ಯ ಕಾರಣ ಬೆಳಕಿನ ಬರ. ಐಎಸ್‌ಒ ಅಂದರೆ ಸಿಕ್ಕಿದ್ದನ್ನು ಹಿಗ್ಗಿಸಿ ತೋರಿಸುವ ಗುಂಡಿ. 400ರಲ್ಲೇ ಹಟ ಹಿಡಿದು ಕತ್ತಲೆ ಫೋಟೋ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಕು ಏರಿಸಿದರೆ ಅದೇ ಕಾಳು ಬರುತ್ತದೆ. ಎಷ್ಟೋ ಸಲ ಇನ್ನೂ ಕೆಟ್ಟದಾಗಿ.

ನಿಮ್ಮ ಆ ಬೆಳಗಿನ ಬೆಳಕಿಗೆ 1/2000 ಬೇಕಿದ್ದರೆ ಐಎಸ್‌ಒ 3200 ಆಗುತ್ತಿತ್ತು. ಕಾಳು ಕಾಣುತ್ತಿತ್ತು, ಸುಳ್ಳು ಹೇಳಲಾರೆ. ಆದರೆ ಕಾಳನ್ನು ಕಡಿಮೆ ಮಾಡುವ ಸಾಫ್ಟ್‌ವೇರ್‌ಗಳಿವೆ. ಕದಡಿದ ರೆಕ್ಕೆಯನ್ನು ನಿಜವಾಗಿ ಸರಿಮಾಡುವಂಥದ್ದು ಒಂದೂ ಇಲ್ಲ. ಹಾಗೆ ನೋಡಿದರೆ, 400 ದಾಟಬೇಡಿ ಎಂದ ನಿಮ್ಮ ಸ್ನೇಹಿತರು ಬಹುಶಃ ಏರುಬಿಸಿಲಿನಲ್ಲಿ ತೆಗೆಯುವವರು. ಒಳ್ಳೆ ಬಿಸಿಲಿದ್ದರೆ ಐಎಸ್‌ಒ 400, ಎಫ್ 6.3ಕ್ಕೇ 1/2500 ಸಿಕ್ಕಿಬಿಡುತ್ತದೆ. ಅವರ ಬಿಸಿಲಿಗೆ ಅವರ ಮಾತು ಸರಿ.

ಎರಡನೆಯ ಫೋಟೋ, ಕೊಂಬೆಯ ಮೇಲೆ ಕೂತ ಚಮಚ ಕೊಕ್ಕಿನ ಹಕ್ಕಿ. ಇಲ್ಲಿ ಹಕ್ಕಿ ಅಲುಗಿಲ್ಲ. ಫೋಟೋವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ದೊಡ್ಡದು ಮಾಡಿ, ಎಡಗಡೆ ಮುಂದಿರುವ ಸಣ್ಣ ರೆಂಬೆ ನೋಡಿ. ಅದರ ತೊಗಟೆಯ ಬಿರುಕು ಕೂಡ ಎಣಿಸಬಹುದು. ಪಾಪ, ಲೆನ್ಸು ತನ್ನ ಕೆಲಸ ಮಾಡಿದೆ, ನೀವು ಕೇಳಿದ್ದು ಬಿಟ್ಟು ರೆಂಬೆಗೆ ಮಾಡಿದೆ. ಫೋಕಸ್ ಜಾಗವನ್ನು ಕ್ಯಾಮೆರಾವೇ ಆರಿಸಲಿ ಅಂತ ಬಿಟ್ಟರೆ ಅದು ಸಾಮಾನ್ಯವಾಗಿ ಹತ್ತಿರ ಇರುವುದನ್ನು ಹಿಡಿಯುತ್ತದೆ. ಒಂದೇ ಒಂದು ಫೋಕಸ್ ಪಾಯಿಂಟ್ ಇಟ್ಟುಕೊಂಡು ಅದನ್ನು ಕಣ್ಣಿನ ಮೇಲೆ ಇಡಿ. 300 ಎಂಎಂನಲ್ಲಿ, ಎಫ್ 6.3ರಲ್ಲಿ, ಹತ್ತು ಮೀಟರ್ ದೂರದ ಹಕ್ಕಿಗೆ ಸಿಗುವ ಸ್ಪಷ್ಟತೆಯ ಆಳ, ಅಂದರೆ ಹಿಂದೆ ಮುಂದೆ ಸೇರಿ ಸ್ಪಷ್ಟವಾಗಿ ಬರುವ ಜಾಗ, ಸುಮಾರು 28 ಸೆಂಟಿಮೀಟರ್, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಐದು ಮೀಟರ್‌ಗೆ ಬಂದರೆ ನಾಲ್ಕು ಬೆರಳಗಲ. ಕಣ್ಣು ಬಿಟ್ಟು ರೆಕ್ಕೆಗೆ ಫೋಕಸ್ ಆದರೂ ಮುಖ ಮಂಕಾಗುವುದು ಇದಕ್ಕೇ.

ಈ ಫೋಟೋದಲ್ಲಿ ಇನ್ನೂ ಒಂದು ತೊಂದರೆ ಇದೆ, ಅದನ್ನೂ ಜನ ಮಸುಕು ಎಂದೇ ಕರೆಯುತ್ತಾರೆ. ಎದೆಯ ಬಿಳಿ ಪೂರ್ತಿ ಸುಟ್ಟುಹೋಗಿದೆ. ಹಿಂದೆ ಕಪ್ಪು ನೆರಳಿತ್ತು, ಕ್ಯಾಮೆರಾ ಅದನ್ನು ನೋಡಿ ಬೆಳಕು ಜಾಸ್ತಿ ಮಾಡಿತು, ಬಿಳಿ ಗರಿಗಳ ಗೆರೆ ಎಲ್ಲ ಅಳಿಸಿಹೋಯಿತು. ಗರಿಯ ಗೆರೆ ಕಾಣದಿದ್ದರೆ ನೋಡುವವರ ಕಣ್ಣಿಗೆ ಅದು ಔಟ್ ಆಫ್ ಫೋಕಸ್ ಅಂತಲೇ ಅನಿಸುತ್ತದೆ. ಬೆಳ್ಳಕ್ಕಿ, ಚಮಚ ಕೊಕ್ಕು ಇಂಥವುಗಳಿಗೆ ಹಿನ್ನೆಲೆ ಕಪ್ಪಿದ್ದಾಗ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್) ಅನ್ನು ಮೈನಸ್ 1ರ ಹತ್ತಿರ ಇಳಿಸಿ. ಆಕಾಶ ಹಿಂದಿದ್ದರೆ ಉಲ್ಟಾ, ಪ್ಲಸ್ ಕಡೆಗೆ.

ಇನ್ನು ಮೂರನೆಯದು. ಏಪ್ರಿಲ್, ಮಧ್ಯಾಹ್ನ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ. 1/1600, ಎಫ್ 8, ಐಎಸ್‌ಒ 400. ಸೆಟ್ಟಿಂಗ್ ಬಗ್ಗೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ಮೊಸಳೆಯಂತೂ ಅಲುಗುವ ಜಾತಿಯೇ ಅಲ್ಲ. ಆದರೂ ಮಸುಕು. ಅಂಚುಗಳನ್ನು ನೋಡಿ, ನೀರಿನೊಳಗಿಂದ ನೋಡಿದ ಹಾಗೆ ಸೊಟ್ಟಸೊಟ್ಟ ಇವೆ. ಅದು ಕಾದ ಬಂಡೆಯಿಂದ ಏಳುವ ಬಿಸಿಗಾಳಿ. ಬೇಸಿಗೆಯಲ್ಲಿ ಡಾಂಬರು ರಸ್ತೆಯ ಮೇಲೆ ಗಾಳಿ ಕುಣಿಯುವುದು ಕಂಡಿದ್ದೀರಲ್ಲ, ಅದೇ. ದೂರ ಹೆಚ್ಚಿದಷ್ಟೂ ಅದರ ಕಾಟ ಹೆಚ್ಚು. ಇದಕ್ಕೆ ಐದು ಲಕ್ಷದ ಲೆನ್ಸಿನಲ್ಲೂ ಮದ್ದಿಲ್ಲ. 600 ಎಂಎಂನಲ್ಲಿ ಆ ಕುಣಿತ ಇನ್ನೂ ದೊಡ್ಡದಾಗಿ ಕಾಣುತ್ತದೆ ಅಷ್ಟೇ. ಬೆಳಿಗ್ಗೆ ಬೇಗ ಹೋಗಬೇಕು, ಇಲ್ಲ ಹತ್ತಿರದ ಹಕ್ಕಿ ನೋಡಿಕೊಳ್ಳಬೇಕು, ಅದೂ ಇಲ್ಲದಿದ್ದರೆ ಕ್ಯಾಮೆರಾ ಚೀಲಕ್ಕೆ ಹಾಕಿ ಸುಮ್ನೆ ಮೊಸಳೆ ನೋಡಿಕೊಂಡು ಬರಬೇಕು.

ಮ್ಯಾನ್ಯುಯಲ್ ವಿಷಯ ಬೇಗ ಮುಗಿಸುತ್ತೇನೆ. ಅದು ಶೋಕಿ. ಹಾರುವ ಹಕ್ಕಿ ಮರದ ನೆರಳಿಂದ ಆಕಾಶಕ್ಕೆ ಬರುವಷ್ಟರಲ್ಲಿ ಬೆಳಕು ಪೂರ್ತಿ ಬದಲಾಗಿರುತ್ತದೆ, ಮೂರು ಚಕ್ರ ತಿರುಗಿಸುತ್ತ ಕೂತರೆ ಹಕ್ಕಿ ಶ್ರೀರಂಗಪಟ್ಟಣ ತಲುಪಿರುತ್ತದೆ. ನಾನೇ ಶಟರ್ ಮತ್ತು ಎಫ್ ಸಂಖ್ಯೆ ಗೊತ್ತು ಮಾಡಿಕೊಂಡು ಐಎಸ್‌ಒವನ್ನು ಆಟೋಗೆ ಬಿಡುತ್ತೇನೆ, ಮೇಲಿನ ಮಿತಿ 3200. ನೀವೂ ಹಾಗೇ ಮಾಡಿ. ಕೂತ ಹಕ್ಕಿಗೆ ದೋಣಿಯಿಂದಾದರೆ 1/1000, ನೆಲದಿಂದಾದರೆ 1/500ಕ್ಕಿಂತ ಕೆಳಗೆ ಬೇಡ. ಹಾರುವುದಕ್ಕೆ 1/2000. ಹಾರುವಾಗ ಫೋಕಸ್ ನಿರಂತರ ಹಿಂಬಾಲಿಸುವ ಮೋಡ್ ಬೇಕು, ನಿಕಾನ್‌ನಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಎಐ ಸರ್ವೋ. ಬೆಳಕಿದ್ದಾಗ ಎಫ್ 8 ಇಡಿ, ಈ ಬೆಲೆಯ ಜೂಮ್ ಲೆನ್ಸ್‌ಗಳು 300ರ ತುದಿಯಲ್ಲಿ ಪೂರ್ತಿ ತೆರೆದಾಗ ಸ್ವಲ್ಪ ಮೆತ್ತಗೆ, ಅಂದರೆ ಚೂಪು ಕಡಿಮೆ. ಮೂರು ನಾಲ್ಕು ಫೋಟೋ ಒಟ್ಟಿಗೆ ಹೊಡೆಯಿರಿ, ನಡುವಿನದು ಎಷ್ಟೋ ಸಲ ಚೆನ್ನಾಗಿರುತ್ತದೆ, ಏಕೆಂದರೆ ಗುಂಡಿ ಒತ್ತುವಾಗಲೇ ಕೈ ಅಲುಗುವುದು. ದೋಣಿಯಲ್ಲಿ ಟ್ರೈಪಾಡ್ ಬೇಡ. ದೋಣಿಯೇ ತೂಗುತ್ತಿರುವಾಗ ಅದು ಮೂರು ಕಾಲಿನ ಅಡಚಣೆ, ಪಕ್ಕದವರ ಬೈಗುಳ ಬೇರೆ.

ಇಷ್ಟಾದ ಮೇಲೂ ಲೆನ್ಸ್ ಮೇಲೆ ಅನುಮಾನ ಇದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಗೋಡೆಗೆ ದಿನಪತ್ರಿಕೆ ಅಂಟಿಸಿ. ಐದು ಮೀಟರ್ ದೂರ ಟ್ರೈಪಾಡ್ ಇಟ್ಟು, ಟೈಮರ್ ಹಾಕಿ, ಲೆನ್ಸಿನ ಮುಂದೆ ರಕ್ಷಣೆಗೆ ಹಾಕಿರುವ ಗಾಜು, ಅಂದರೆ ಯುವಿ ಫಿಲ್ಟರ್ ಬಿಚ್ಚಿ, ಎಫ್ 8ರಲ್ಲಿ ತೆಗೆಯಿರಿ. ಒಂದು ಸಲ ಕಿಂಡಿಯಲ್ಲಿ ಕಣ್ಣಿಟ್ಟು ಫೋಕಸ್ ಮಾಡಿ, ಇನ್ನೊಂದು ಸಲ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆಯಲ್ಲಿ ನೋಡಿಕೊಂಡು. ಎರಡೂ ಚೆನ್ನಾಗಿದ್ದರೆ ಲೆನ್ಸ್ ಕ್ಷೇಮ. ಲೈವ್ ವ್ಯೂನಲ್ಲಿ ಅಕ್ಷರ ಸ್ಪಷ್ಟ, ಕಿಂಡಿಯಲ್ಲಿ ಮಸುಕು ಅಂದರೆ ಫೋಕಸ್ ಹೊಂದಾಣಿಕೆ ತಪ್ಪಿದೆ. ಡಿಎಸ್‌ಎಲ್‌ಆರ್‌ಗಳಲ್ಲಿ ಇದು ಆಗುವುದುಂಟು, ಯಾಕೆಂದರೆ ಕಿಂಡಿಯಲ್ಲಿ ನೋಡುವಾಗ ಫೋಕಸ್ ಅಳೆಯುವ ಭಾಗವೇ ಬೇರೆ, ಫೋಟೋ ಹಿಡಿಯುವ ಸೆನ್ಸರೇ ಬೇರೆ. ಆಗ ಕ್ಯಾಮೆರಾ ಮತ್ತು ಲೆನ್ಸ್ ಎರಡನ್ನೂ ಒಟ್ಟಿಗೆ ಸರ್ವಿಸ್‌ಗೆ ಕೊಡಿ, ಒಂದನ್ನೇ ಕೊಟ್ಟರೆ ಅರ್ಧ ಕೆಲಸ. ಎರಡರಲ್ಲೂ ಮಸುಕಾದರೆ ಆಗ ಮಾತ್ರ ಲೆನ್ಸನ್ನು ಅನುಮಾನಿಸಿ. ಇದೇ ಪರೀಕ್ಷೆಯನ್ನು ಫಿಲ್ಟರ್ ಹಾಕಿಯೂ ಒಮ್ಮೆ ಮಾಡಿ. ಇನ್ನೂರು ರೂಪಾಯಿ ಫಿಲ್ಟರ್ ದೊಡ್ಡ ಲೆನ್ಸಿನ ಮಾನ ತೆಗೆದದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಆ ಒಂದು ಲಕ್ಷ. ಒಳ್ಳೆಯ 150-600 ಲೆನ್ಸ್‌ಗಳಿವೆ, ಬೇಡ ಅನ್ನುವುದಿಲ್ಲ. ನಿಮ್ಮ ಚಮಚ ಕೊಕ್ಕು 6000 ಪಿಕ್ಸೆಲ್ ಅಗಲದ ಫೋಟೋದಲ್ಲಿ ಬರೀ 1200 ಪಿಕ್ಸೆಲ್ ಇದೆ. ಅದನ್ನು ಕತ್ತರಿಸಿ ದೊಡ್ಡದು ಮಾಡಿದರೆ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಉಳಿಯುವುದು ಹತ್ತಿರಹತ್ತಿರ ಒಂದು ಮೆಗಾಪಿಕ್ಸೆಲ್. ಅದೇ ಜಾಗದಿಂದ 600 ಎಂಎಂನಲ್ಲಿ ಹಕ್ಕಿ ಎರಡರಷ್ಟು ಅಗಲ ಬರುತ್ತದೆ. ಲಾಭ ಖಂಡಿತ ಇದೆ. ಆದರೆ ಕೈನಡುಕವೂ ಎರಡರಷ್ಟಾಗುತ್ತದೆ. ತೂಕ ಎರಡು ಕಿಲೋ ಹತ್ತಿರ. ನೀವು ಈಗಿನ ಹಾಗೆ 1/250ರಲ್ಲೇ ತೆಗೆದರೆ ಒಂದು ಲಕ್ಷ ಕೊಟ್ಟು ಇನ್ನೂ ದೊಡ್ಡ ಮಸುಕನ್ನು ಮನೆಗೆ ತಂದ ಹಾಗೆ. ಇದು ಅನುಭವದ ಮಾತು. ನಾನೂ ಹದಿನೈದು ವರ್ಷದ ಹಿಂದೆ ಸಾಲ ಮಾಡಿ ದೊಡ್ಡ ಲೆನ್ಸ್ ತಂದವನೇ. ಮೊದಲ ಮೂರು ತಿಂಗಳ ಫೋಟೋಗಳನ್ನು ಇವತ್ತಿಗೂ ಯಾರಿಗೂ ತೋರಿಸಿಲ್ಲ.

ಬಾಡಿಗೆಗೆ ತಂದು ನೋಡುವುದು ಜಾಣತನ. ಬೆಂಗಳೂರು, ಮೈಸೂರಲ್ಲಿ ದಿನದ ಲೆಕ್ಕಕ್ಕೆ ಲೆನ್ಸ್ ಕೊಡುತ್ತಾರೆ. ಗುರುತಿನ ಚೀಟಿ, ಡೆಪಾಸಿಟ್ ಕೇಳುತ್ತಾರೆ. ಅಂಗಡಿ ಬಿಡುವ ಮೊದಲು ಲೆನ್ಸಿನ ಮುಂದೆ ಹಿಂದೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ನಾನು ತೆಗೆದುಕೊಳ್ಳದೆ, ಮಾಡದ ಗೀರಿಗೆ ದುಡ್ಡು ಕಟ್ಟಿದ್ದೇನೆ. ಸೆಕೆಂಡ್ ಹ್ಯಾಂಡ್ ಕೂಡ ಸಿಗುತ್ತದೆ, ಅರ್ಧಕ್ಕರ್ಧ ಉಳಿಸಬಹುದು, ಆದರೆ ಟಾರ್ಚ್ ಹಿಡಿದು ಒಳಗೆ ನೋಡದೆ ಮುಂಗಡ ಕೊಡಬೇಡಿ. ಜೇಡರ ಬಲೆಯ ಎಳೆ ಹಾಗೆ ಕಂಡರೆ ಅದು ಫಂಗಸ್. ಮಲೆನಾಡು, ಕರಾವಳಿ ಕಡೆಯಿಂದ ಬಂದ ಲೆನ್ಸ್ ಆದರೆ ಎರಡು ಸಲ ನೋಡಿ.

ಹಣ ಹಾಕದ ದಾರಿಯೂ ಒಂದಿದೆ, ಹಕ್ಕಿ ಹತ್ತಿರ ಇರುವ ಕಡೆ ಹೋಗುವುದು. ನಿಮ್ಮ ಜಿಲ್ಲೆಯಲ್ಲೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು (ಪೆಲಿಕನ್) ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಕ್ಕಿ ಮನೆ ಮಾಡಿನ ಎತ್ತರದಲ್ಲಿರುವಾಗ 300 ಎಂಎಂ ಧಾರಾಳ ಸಾಕು, ಕೆಲವು ಸಲ ಜಾಸ್ತಿಯೇ ಆಗುತ್ತದೆ. ನಿಮ್ಮೂರ ಕೆರೆಯೂ ಇದ್ದೇ ಇದೆ. ಒಂದು ಮರದ ಮರೆಯಲ್ಲಿ ಒಂದು ಗಂಟೆ ಅಲುಗಾಡದೆ ಕೂತು ನೋಡಿ, ಮಿಂಚುಳ್ಳಿ ತಾನೇ ಬರುತ್ತದೆ. ನೀವೇ ಹಕ್ಕಿಯ ಹಿಂದೆ ಹೋದರೆ ಫೋಟೋವೂ ಇಲ್ಲ, ಗೂಡಿದ್ದರೆ ಅದಕ್ಕೆ ಅಪಾಯ ಬೇರೆ. ಮಸುಕನ್ನು ಒಂದೇ ಗುಂಡಿಗೆ ಚೂಪು ಮಾಡುವ ಎಐ ಸಾಫ್ಟ್‌ವೇರ್‌ಗಳ ಬಗ್ಗೆ ಕೇಳಿರುತ್ತೀರಿ. ಸ್ವಲ್ಪ ಮಸುಕಿಗೆ ಪರವಾಗಿಲ್ಲ. ಜಾಸ್ತಿ ಇದ್ದರೆ ಅದು ಇಲ್ಲದ ಗರಿಯನ್ನು ಬರೆದುಕೊಡುತ್ತದೆ. ಮನೆ ಗೋಡೆಗೆ ಆದೀತು. ನೇಚರ್ ವಿಭಾಗದ ಸ್ಪರ್ಧೆಗೆ ಅಂಥದ್ದನ್ನು ಕಳಿಸಿದರೆ ಮೂಲ ಫೈಲ್ ಕೇಳಿದ ದಿನ ಸಿಕ್ಕಿಬೀಳುತ್ತೀರಿ.

ಗುಂಪಿನ ಬಗ್ಗೆ ಎರಡು ಮಾತು. ವಾಟ್ಸಾಪ್‌ನಲ್ಲಿ ಸುಮ್ಮನೆ ಫೋಟೋ ಕಳಿಸಿದರೆ ಅದು 6000 ಪಿಕ್ಸೆಲ್ ಅಗಲವನ್ನು 1600ರ ಆಸುಪಾಸಿಗೆ ಇಳಿಸಿ, ಮತ್ತೆ ಹಿಂಡುತ್ತದೆ. ಅದನ್ನು ಯಾರೋ ಎರಡು ಬೆರಳಲ್ಲಿ ಹಿಗ್ಗಿಸಿ, ಕೊಕ್ಕು ಶಾರ್ಪ್ ಇಲ್ಲ ಸರ್ ಅನ್ನುತ್ತಾರೆ. ಎಲ್ಲಿಂದ ಇರಬೇಕು? ನೋಡಿ ಖುಷಿಪಡಲು ಎಚ್‌ಡಿ ಆಯ್ಕೆ ಒತ್ತಿ ಕಳಿಸಿ. ಸಲಹೆ ಬೇಕಾದಾಗ ಡಾಕ್ಯುಮೆಂಟ್ ಆಗಿ ಮೂಲ ಫೈಲ್ ಕಳಿಸಿ, ಕತ್ತರಿಸದೆ ಕಳಿಸಿ, ಶಟರ್, ಎಫ್, ಐಎಸ್‌ಒ ಮೂರನ್ನೂ ಬರೆಯಿರಿ, ಹಕ್ಕಿ ಎಷ್ಟು ದೂರ ಇತ್ತು ಅಂತಲೂ. ಆಗ "ಸೂಪರ್ ಸರ್" ಎಂಬ ಉತ್ತರಗಳು ಕಡಿಮೆಯಾಗಬಹುದು, ಬೇಜಾರು ಮಾಡಿಕೊಳ್ಳಬೇಡಿ. ಒಂದು ಎಚ್ಚರ: ಡಾಕ್ಯುಮೆಂಟ್ ಆಗಿ ಕಳಿಸಿದ ಫೈಲಿನಲ್ಲಿ ಜಾಗದ ಗುರುತೂ ಜೊತೆಗೇ ಹೋಗಬಹುದು, ಮೊಬೈಲ್ ಫೋಟೋ ಆದರಂತೂ ಹೆಚ್ಚು. ಗೂಬೆಯ ಗೂಡು, ಅಪರೂಪದ ಹಕ್ಕಿಯ ಗೂಡಾದರೆ ಆ ಗುರುತನ್ನು ತೆಗೆದುಹಾಕಿ. ನಲವತ್ತು ಜನರ ಗುಂಪಿಂದ ಮುಂದಿನ ಭಾನುವಾರಕ್ಕೆ ನಾಲ್ಕು ಕಾರು ಬಂದು ನಿಂತಿರುತ್ತವೆ.

ಹಾಗಾಗಿ ಈ ಮಳೆಗಾಲದ ಮೊದಲು ದುಡ್ಡು ತಾರಸಿಗೇ ಹೋಗಲಿ, ಅಮ್ಮಾವ್ರು ಹೇಳಿದ್ದು ಸರಿ. ಮುಂದಿನ ಜನವರಿಗೆ ಮತ್ತೆ ರಂಗನತಿಟ್ಟಿಗೆ ಹೋಗಿ, ಇದೇ ಲೆನ್ಸ್ ತಗೊಂಡು, 1/2000 ಇಟ್ಟು ನೂರು ಹಾರಾಟದ ಫೋಟೋ ತೆಗೆಯಿರಿ. ಅದರಲ್ಲಿ ಕಣ್ಣು ಸ್ಪಷ್ಟವಾಗಿರುವುದು ಇಪ್ಪತ್ತು ಬಂದು, ಆ ಇಪ್ಪತ್ತರಲ್ಲೂ ಹಕ್ಕಿ ಚಿಕ್ಕದಾಯಿತಲ್ಲ ಅಂತ ಅನಿಸಿದರೆ ಆಗ ನನಗೆ ಬರೆಯಿರಿ. ಯಾವ ಲೆನ್ಸ್ ಅಂತ ಆಗ ಮಾತಾಡೋಣ.